ಕೂಗಿದವನಿಗೆ ಕಿಟಕಿಯಿಲ್ಲ

ಜನವರಿ ೧೨

ಚೂಟಿ,

ಇಲ್ಲಿ ಗಂಟಲೊಂದು ಬಿಟ್ಟು ಉಳಿದದ್ದೆಲ್ಲ ಕ್ಷೇಮ. ಗಂಟಲಿನ ಸಮಾಚಾರವನ್ನು ನಿನ್ನ ಅತ್ತೆ ವಾರವಾರವೂ ಫೋನಿನಲ್ಲಿ ಊದುತ್ತಿದ್ದಾಳೆಂದು ಗೊತ್ತು, ಆದ್ದರಿಂದ ಉದ್ದ ಬರೆಯುವುದಿಲ್ಲ. ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಧ್ವನಿಪೆಟ್ಟಿಗೆ ತೆಗೆದ ಡಾಕ್ಟರು ಗೆಡ್ಡೆ ಬೇರುಸಮೇತ ಹೋಗಿದೆ ಎಂದಿದ್ದಾರೆ. ಕುತ್ತಿಗೆಯಲ್ಲಿ ಒಂದು ತೂತು, ಅದರಿಂದಲೇ ಉಸಿರಾಟ, ಅದರ ಮೇಲೊಂದು ಮಫ್ಲರು. ಜೀವ ಉಳಿಯಿತು, ದನಿ ಹೋಯಿತು.

ತರಕಾರಿ ಮಂಡಿಯಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಂತು ಜೀವಮಾನವಿಡೀ ಹರಾಜು ಕೂಗಿದವನು ನಾನು. ಆಚೆ ಬೀದಿಗೂ ಕೇಳಿಸುತ್ತಿತ್ತೆಂದೇ ಗುಡುಗು ಎಂದು ಹೆಸರಿಟ್ಟಿದ್ದರು. ಈಗ ಗುಡುಗಿನ ಕೈಗೆ ಒಂದು ಸ್ಲೇಟು, ಒಂದು ಬಳಪ. ಮಾತು ಬೆಳ್ಳಿ ಮೌನ ಬಂಗಾರ ಅಂದವನು ಯಾರೋ, ಅವನ ಬಾಯಿಗೆ ನಾಲ್ಕು ತಿಂಗಳು ಬಂಗಾರ ತುರುಕಿ ನೋಡಬೇಕು.

ಅಕ್ಕನಾಗಿ ನನ್ನ ಮೇಲೆ ನಿನ್ನ ಅತ್ತೆಯ ಪ್ರೀತಿಗೆ ಕೊರತೆಯಿಲ್ಲ. ನಾನು ಸ್ಲೇಟಿನ ಮೇಲೆ 'ಟೀ' ಎಂದು ಬರೆಯುವಷ್ಟರಲ್ಲಿ "ಅವನಿಗೆ ಟೀ ಬೇಡವಂತೆ, ನಿದ್ದೆ ಬರಲ್ವಂತೆ" ಎಂದು ಬಂದವರಿಗೆ ಹೇಳಿಬಿಡುತ್ತಾಳೆ. ನನ್ನ ಪರವಾಗಿ ಮಾತಾಡಿ ಮಾತಾಡಿ ನನಗೆ ಸೇರದ ಗಂಜಿಯನ್ನೆಲ್ಲ ಕುಡಿಸಿದ್ದಾಳೆ. ಎದುರು ಹೇಳೋಣವೆಂದರೆ ಬಳಪ ಹುಡುಕಬೇಕು, ಅಷ್ಟು ಹೊತ್ತಿಗೆ ಗಂಜಿ ಹೊಟ್ಟೆಯಲ್ಲಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ಒಬ್ಬ ಮಾತಿನ ಟೀಚರಮ್ಮ ಇದ್ದಾರೆ. ಅವರು ಏನು ಕಲಿಸುತ್ತಿದ್ದಾರೆಂದು ಹೇಳುವುದಿಲ್ಲ. ಕಾಲ ಬಂದಾಗ ನಿನ್ನ ಕಿವಿಗೇ ಗೊತ್ತಾಗುತ್ತದೆ. ಅವರು ಮೊನ್ನೆ, "ನಿಮ್ಮ ಗುರುತು ಇಲ್ಲದ ಕಡೆ ಒಂದು ವಾರ ಹೋಗಿ ಇದ್ದು ಬನ್ನಿ. ಬೇಕಾದ್ದನ್ನ ನೀವೇ ಕೇಳ್ಬೇಕು. ಪಕ್ಕದಲ್ಲಿ ಮಾತಾಡೋಕೆ ಯಾರೂ ಇರಬಾರದು" ಎಂದರು. ನನಗೆ ತಕ್ಷಣ ಸಮುದ್ರ ನೆನಪಾಯಿತು. ಅದರ ಮುಂದೆ ಎಲ್ಲರ ದನಿಯೂ ಸಣ್ಣದೇ.

ಕರಾವಳಿಗೆ ಹೋಗುವ ಬಸ್ಸು ನಿನ್ನ ಊರಿನ ಮೇಲೇ ಹೋಗುತ್ತದಲ್ಲ, ಕಡಲ ದಂಡೆಯಲ್ಲಿ ಒಂದು ಸಾಧಾರಣ ಹೋಟೆಲು ವಿಚಾರಿಸು. ಕುಂಟುವ ಕುರ್ಚಿ, ಸೋರುವ ನಲ್ಲಿ ಏನಿದ್ದರೂ ಪರವಾಗಿಲ್ಲ. ಒಂದೇ ಷರತ್ತು, ಕಿಟಕಿಯಿಂದ ಸಮುದ್ರ ಕಾಣಬೇಕು. ನೀರಿಗೆ ಇಳಿಯುವ ಹಾಗಿಲ್ಲ. ತೂತಿನೊಳಗೆ ನೀರು ಹೋದರೆ ಕಥೆ ಮುಗಿಯಿತು. ಕಣ್ಣಾದರೂ ಮುಳುಗಿ ಏಳಲಿ.

ಇಂತಿ ಸದ್ದಿಲ್ಲದ,
ನಿನ್ನಪ್ಪ


ಜನವರಿ ೨೬

ಅಪ್ಪ,

ನಿನ್ನ ಕಾಗದ ಓದಿ ನಕ್ಕು ನಕ್ಕು ನನ್ನ ಶಿಷ್ಯನೊಬ್ಬನಿಗೆ ಬ್ರೇಕ್ ಹಾಕು ಅನ್ನುವುದೇ ಮರೆತೆ. ಏನೂ ಆಗಲಿಲ್ಲ. ಕಸದ ಡಬ್ಬಿ ಸ್ವಲ್ಪ ಚಪ್ಪಟೆಯಾಯಿತು. ಡ್ರೈವಿಂಗ್ ಸ್ಕೂಲ್ ಅಂದಮೇಲೆ ಅಷ್ಟು ಇದ್ದದ್ದೇ.

ಹೋಟೆಲು ಸಿಕ್ಕಿದೆ! ನನ್ನ ಹತ್ತಿರ ಕಾರು ಕಲಿಯುವ ನರ್ಸೊಬ್ಬಳು ಹೋದ ವರ್ಷ ಅಲ್ಲಿದ್ದು ಬಂದಿದ್ದಾಳೆ. ಮೂರು ಮಹಡಿ, ಲಿಫ್ಟಿಲ್ಲ, ಉಪ್ಪು ಗಾಳಿಗೆ ಗೋಡೆಯ ಬಣ್ಣ ಎದ್ದಿದೆ, ಹಾಸಿಗೆಯ ಬಟ್ಟೆ ಮಾತ್ರ ಬೆಳ್ಳಗಿರುತ್ತದಂತೆ. ನೇರವಾಗಿ ಸಮುದ್ರ ಕಾಣುವುದು ಒಂದೇ ಒಂದು ರೂಮಿನಿಂದ, ಮೂರನೇ ಮಹಡಿಯ ಮೂಲೆಯದು. ಏಪ್ರಿಲ್ ಮೊದಲ ವಾರಕ್ಕೆ ಅದನ್ನೇ ಕೇಳಿ ಒಡತಿಗೆ ಬರೆದಿದ್ದೇನೆ. ನಾನೂ ಒಂದು ದಿನದ ಮಟ್ಟಿಗೆ ಬಂದು ಕೌಂಟರಿನಲ್ಲಿ ಎಲ್ಲ ಹೇಳಿ ಹೋಗಲೇ? ಬೇಡ ಅನ್ನುತ್ತೀಯ ಅಂತ ಗೊತ್ತು, ಆದರೂ ಕೇಳಿದೆ.

ಆ ಟೀಚರಮ್ಮನ ಗುಟ್ಟೇನು? ಯಾವುದಾದರೂ ಮಿಷನ್ನೇ? ಅತ್ತೆಯ ಬಾಯಿ ಬಿಡಿಸಲು ನೋಡಿದೆ. "ಅವನು ಆಣೆ ಹಾಕಿಸ್ಕೊಂಡಿದಾನೆ ಕಣೇ" ಅಂದರು. ಅತ್ತೆಯ ಬಾಯಿಯನ್ನೂ ಮುಚ್ಚಿಸಿದ್ದೀಯಲ್ಲ, ನೀನು ಸಾಮಾನ್ಯನಲ್ಲ ಬಿಡು.

ನಗಬೇಕಾದರೆ ಇನ್ನೊಂದು ಕೇಳು. ಮೊನ್ನೆ ಬೆಳಿಗ್ಗೆ ಸ್ಕೂಲಿಗೆ ಒಂದು ಫೋನು. ಎತ್ತಿದರೆ ಯಾರೋ ಬರೀ ತೇಗುತ್ತಾನೆ. ಹಲೋ ಅಂದರೆ ತೇಗು, ಯಾರ್ರೀ ಅಂದರೆ ಇನ್ನೊಂದು ತೇಗು. ಬಿಟ್ಟೇನೆಯೇ? "ಏನ್ರೀ, ಬೆಳಬೆಳಿಗ್ಗೇನೇ ಏರಿಸ್ಕೊಂಡಿದೀರಾ? ಇಳಿದ ಮೇಲೆ ಫೋನ್ ಮಾಡಿ!" ಅಂತ ಕುಕ್ಕಿಬಿಟ್ಟೆ. ಕಾರಿನಲ್ಲಿ ಕಾಯುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ, ನನ್ನ ಬಾಯಿ ಮಾತ್ರ ನಿನ್ನ ಕಡೆಯದು.

ಇಂತಿ ನಿನ್ನ ಬಾಯಿಬಡುಕಿ,
ಚೂಟಿ


ಫೆಬ್ರವರಿ ೫

ಮಗಳಿಗೆ,

ಕಾಗದ ಮುಟ್ಟಿತು. ಹೋಟೆಲಿನ ವಿಷಯ ಕೈಬಿಡು. ರೂಮು ಬೇಡವೆಂದು ಆ ಒಡತಿಗೆ ಬರೆದುಬಿಡು. ಈ ವಯಸ್ಸಿನಲ್ಲಿ ಅಲೆದಾಟ ಯಾಕೆ? ಟೀಚರಮ್ಮನ ಹತ್ತಿರ ಹೋಗುವುದನ್ನೂ ನಿಲ್ಲಿಸಿದ್ದೇನೆ. ಸ್ಲೇಟು ಚೆನ್ನಾಗಿದೆ.

ಇಲ್ಲಿ ಎಲ್ಲ ಕ್ಷೇಮ.

ಅಪ್ಪ


ಮಾರ್ಚ್ ೨

ಅಪ್ಪ,

ನಿನ್ನ ಆ ನಾಲ್ಕು ಸಾಲಿನ ಕಾಗದ ಇಟ್ಟುಕೊಂಡು ತಿಂಗಳಾಗುತ್ತಾ ಬಂತು. ಒಂದು ತಮಾಷೆಯಿಲ್ಲ, ಒಂದು ಬೈಗುಳವಿಲ್ಲ. 'ಎಲ್ಲ ಕ್ಷೇಮ' ಅಂತ ಬೇರೆ. ನೀನು ಹಾಗೆ ಬರೆದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ನಾನು ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ.

ನಿನ್ನೆ ಅತ್ತೆಗೆ ಫೋನು ಮಾಡಿ ಹಟ ಹಿಡಿದೆ. ಆಣೆ ಮುರಿದು ಹೇಳಿದರು. "ಗಾಳಿ ನುಂಗಿ, ಅದನ್ನ ತೇಗಿ, ಆ ತೇಗಿನಲ್ಲೇ ಮಾತು ಮಾಡೋದು ಕಲೀತಿದ್ದ ಕಣೇ. ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಗಂಟೆಗಟ್ಲೆ ಕೂಗ್ತಿದ್ದ. ಒಂದಿನ ನಾನು ಮಾರ್ಕೆಟ್ಟಿಂದ ಬರೋ ಹೊತ್ತಿಗೆ ಫೋನಿನ ಹತ್ರ ಕೂತಿದ್ದ. ನೀನು ಕಾಗದ ಬರೆದ ಮೇಲಂತೂ ಎಲ್ಲ ನಿಲ್ಲಿಸಿಬಿಟ್ಟ."

ಫೋನು ಇಟ್ಟೆ. ಜನವರಿಯಲ್ಲಿ ಸ್ಕೂಲಿಗೆ ಬಂದ ಆ ತೇಗು ನೆನಪಾಯಿತು.

ಅದು ನೀನು. ಅಲ್ಲವೇ ಅಪ್ಪ? ಚಪ್ಪಾಳೆ ಹೊಡೆಸಿಕೊಂಡೆ ಅಂತ ಬೇರೆ ನಿನಗೇ ಬರೆದೆನಲ್ಲ.

ನಾನು ರೂಮು ಬಿಟ್ಟುಕೊಟ್ಟಿಲ್ಲ. ನೀನು ಬರೆದ ದಿನವೂ ಬಿಟ್ಟುಕೊಡಲಿಲ್ಲ, ಯಾಕೋ ಕೈ ಬರಲಿಲ್ಲ. ಮೂರನೇ ಮಹಡಿ, ಮೂಲೆ, ಸಮುದ್ರ. ನಿನ್ನ ಹೆಸರಿನಲ್ಲೇ ಇದೆ. ನೀನು ಹೋಗಲೇಬೇಕು. ನೀನು ಹೋಗದಿದ್ದರೆ ನಾನು ಒಂದು ಕೂಗಿನಲ್ಲಿ ನಿನ್ನ ದನಿಯನ್ನು ಎರಡನೇ ಸಲ ಕೊಯ್ದ ಹಾಗೆ. ಅದನ್ನು ಹೊತ್ತುಕೊಂಡು ನಾನು ಇರಲಾರೆ.

ಒಂದು ಮಾತು ಕೇಳಲೇ? ಅವತ್ತು ಏನು ಹೇಳುತ್ತಿದ್ದೆ?

ಚೂಟಿ


ಮಾರ್ಚ್ ೯

ಚೂಟಿ,

ಅಳಬೇಡ. ನಿನ್ನ ಕಾಗದದಲ್ಲಿ ಎರಡು ಕಡೆ ಶಾಯಿ ಹರಡಿದೆ, ನನಗೆ ಕಣ್ಣು ಇನ್ನೂ ಇದೆ.

ಹೌದು, ನಾನೇ. ನಿನ್ನ ಮೇಲೆ ನನಗೆ ಕೋಪವಿಲ್ಲ. ಅಂಥ ಸದ್ದಿಗೆ ನಾನಾದರೂ ಅದನ್ನೇ ಅನ್ನುತ್ತಿದ್ದೆ, ಇನ್ನೂ ಎರಡು ಸೇರಿಸಿ. ನನಗೆ ನೋವಾದದ್ದು ಬೇರೆ. ಮಂಡಿಯ ಗಲಾಟೆಯಲ್ಲೂ ನೀನು ಮಗುವಾಗಿದ್ದಾಗ ನನ್ನ ದನಿ ಹಿಡಿದುಕೊಂಡೇ ಕಾಲುಗಳ ನಡುವೆ ನುಸುಳಿ ನನ್ನ ಪೆಟ್ಟಿಗೆಯ ಹತ್ತಿರ ಬರುತ್ತಿದ್ದೆ. ಆ ಮಗಳಿಗೇ ನನ್ನ ದನಿ ಗೊತ್ತಾಗಲಿಲ್ಲ ಎಂದರೆ ಇದು ನನ್ನ ದನಿಯೇ ಅಲ್ಲ, ಇನ್ಯಾರದನ್ನೋ ಕಷ್ಟಪಟ್ಟು ಕಲಿಯುತ್ತಿದ್ದೇನೆ ಅನ್ನಿಸಿತು. ಸ್ಲೇಟು ಸಾಕು ಅನ್ನಿಸಿತು.

ನಿನ್ನ ಪ್ರಶ್ನೆಗೆ ಉತ್ತರ. 'ಚೂಟಿ' ಅನ್ನುತ್ತಿದ್ದೆ. ಎರಡೇ ಅಕ್ಷರ. ಆಗ ನನ್ನ ಹತ್ತಿರ ಇದ್ದದ್ದು ನಾಲ್ಕೋ ಐದೋ ಮಾತು. ಟೀಚರಮ್ಮ ಮೊದಲು ಕಲಿಸಿದ್ದು 'ಕಪ್ಪೆ'. ಕ, ಪ, ಟ ಇದ್ದರೆ ಗಾಳಿ ಬೇಗ ಒಳಗಿಳಿಯುತ್ತದಂತೆ. ನಾನು ಕಪ್ಪೆ ಅನ್ನುವುದು, ಥೇಟ್ ಕಪ್ಪೆಯ ಹಾಗೇ ಕೇಳಿಸುವುದು, ಇಬ್ಬರೂ ಬಿದ್ದು ಬಿದ್ದು ನಗುವುದು. ಎರಡನೆಯ ಮಾತು ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಎಂದರು. ನಾನು ಆರಿಸಿಕೊಂಡದ್ದು ನಿನ್ನ ಹೆಸರು.

ನಿನ್ನ ಕಾಗದ ಬಂದ ಮರುದಿನ ಟೀಚರಮ್ಮನ ಹತ್ತಿರ ಹೋದೆ. ಬೈಸಿಕೊಂಡೆ. ಈಗ ಮತ್ತೆ ಬಚ್ಚಲು ಸೇರಿದ್ದೇನೆ, ನಿನ್ನ ಅತ್ತೆ ಹೊರಗೆ ಬಕೆಟ್ ಹಿಡಿದು ಕಾಯುತ್ತಾಳೆ.

ಹೋಟೆಲಿಗೆ ಹೋಗುತ್ತೇನೆ. ಷರತ್ತುಗಳಿವೆ. ಒಡತಿಗೆ ನನ್ನ ಗಂಟಲಿನ ವಿಷಯ ನೀನು ಒಂದಕ್ಷರ ಬರೆಯಬಾರದು. ನೀನು ಬರಬಾರದು, ನಿನ್ನ ಅತ್ತೆಯೂ ಬರಬಾರದು. ಸ್ಲೇಟು ಇಲ್ಲೇ ಇರುತ್ತದೆ. ಕೌಂಟರಿನ ಮುಂದೆ ನಾನೇ ನಿಂತು ನನ್ನ ರೂಮು ನಾನೇ ಕೇಳುತ್ತೇನೆ. ಆಗದಿದ್ದರೆ ಅದೇ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಆಮೇಲೆ ಈ ಮಾತು ಯಾರೂ ಎತ್ತಬಾರದು.

ಇಂತಿ,
ಕಪ್ಪೆ


ಮಾರ್ಚ್ ೨೦

ಮಾನ್ಯರೇ,

ನಿಮ್ಮ ಮಗಳು ಕೇಳಿದಂತೆ ಏಪ್ರಿಲ್ ಎರಡರಿಂದ ಮೂರನೇ ಮಹಡಿಯ ಮೂಲೆ ರೂಮು ನಿಮಗಾಗಿ ಇಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ. ಬಚ್ಚಲು ಹೊರಗೆ ಮೊಗಸಾಲೆಯ ಕೊನೆಯಲ್ಲಿದೆ. ಬಿಸಿನೀರು ಮೊದಲು ಎದ್ದವರಿಗೆ. ಮೆಟ್ಟಿಲು ಕಡಿದು, ಕಂಬಿ ಹಿಡಿದು ಹತ್ತಬೇಕು. ಊಟ ಒಳ್ಳೆಯದು, ನಾನೇ ಮಾಡುವುದು. ಫೋನು ಕೆಳಗೆ ಕೌಂಟರಿನಲ್ಲಿ ಒಂದೇ ಇದೆ.

ಕಿಟಕಿಯ ಬಗ್ಗೆ ನಿಮ್ಮ ಮಗಳು ನಾಲ್ಕು ಸಲ ಕೇಳಿದ್ದಾರೆ. ಸಮುದ್ರ ಎಲ್ಲೂ ಹೋಗುವುದಿಲ್ಲ, ಧೈರ್ಯವಾಗಿ ಬನ್ನಿ.

ಇಂತಿ,
ಹೋಟೆಲಿನ ಒಡತಿ


ಏಪ್ರಿಲ್ ೩

ಚೂಟಿ,

ಇದನ್ನು ಹೋಟೆಲಿನ ಹಿಂಬದಿಯ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿ ತೆರೆದರೆ ಒಣಹಾಕಿದ ಹಾಸಿಗೆ ಬಟ್ಟೆ, ಅಡುಗೆಮನೆಯ ಹೊಗೆಗೊಳವೆ, ಒಂದು ಬೆಕ್ಕು. ಸಮುದ್ರದ ಒಂದು ಹನಿಯೂ ಕಾಣುವುದಿಲ್ಲ. ಹಾರಿ ಬೀಳಬೇಡ, ಪೂರ್ತಿ ಓದು.

ನಿನ್ನೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ವಾಕ್ಯ ಮೆಲುಕು ಹಾಕುತ್ತ ಬಂದೆ. 'ಕಾರ್ನರ್ ರೂಮು ಬುಕ್ ಮಾಡಿದೆ.' ಪಕ್ಕದಲ್ಲಿ ಕೂತವನು ನನ್ನ ತುಟಿ ನೋಡಿ ನೋಡಿ ಮುಂದಿನ ಸೀಟಿಗೆ ಹೋದ. ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಅದನ್ನೇ ಇನ್ನೊಮ್ಮೆ ಹೇಳಿಕೊಂಡೆ. ಮಂಡಿಯಲ್ಲಿ ಮೊದಲ ದಿನ ಪೆಟ್ಟಿಗೆ ಹತ್ತುವ ಮುಂಚೆಯೂ ಇಷ್ಟು ಅಭ್ಯಾಸ ಮಾಡಿರಲಿಲ್ಲ.

ಒಳಗೆ ಹೋದರೆ ಸಂತೆ! ಕೌಂಟರಿನ ಮುಂದೆ ಒಬ್ಬ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಇನ್ನೊಂದು ಕಡೆ ಇಬ್ಬರು ವಯಸ್ಸಾದ ಅಕ್ಕತಂಗಿಯರು. ಎಲ್ಲರಿಗೂ ಅದೇ ಮೂಲೆ ರೂಮು ಬೇಕು. ಒಡತಿ ನನಗೆ ಕಾಗದ ಬರೆದಿದ್ದಾರೆ, ಅವರ ತಮ್ಮ ಫೋನಿನಲ್ಲಿ ಡಾಕ್ಟರಿಗೆ ಆಗಲಿ ಎಂದಿದ್ದಾನೆ, ಅಕ್ಕತಂಗಿಯರಿಗೂ ಆಗಲಿ ಎಂದಿದ್ದಾನೆ. ಆಗಲಿ ಅನ್ನುವುದಕ್ಕೆ ಅವನ ಗಂಟೇನು ಹೋಗಬೇಕು? ಈಗ ಅವನು ಮಾತ್ರ ನಾಪತ್ತೆ. ಒಡತಿ ಒಂದು ಕೈಯಲ್ಲಿ ಕೆನ್ನೆ ಒತ್ತಿ ಹಿಡಿದುಕೊಂಡು, ಪಾಪ, ಹಲ್ಲುನೋವು, "ಸ್ವಲ್ಪ ತಡೀರಿ, ತಡೀರಿ" ಅನ್ನುತ್ತಿದ್ದಾರೆ. ಯಾರು ತಡೆಯುತ್ತಾರೆ?

ನಾನು ಮಫ್ಲರು ಸರಿ ಮಾಡಿಕೊಂಡೆ, ಗಾಳಿ ನುಂಗಿದೆ, "ಕಾರ್ನರ್..." ಎಂದೆ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ಡಾಕ್ಟರ ಹೆಂಡತಿ ಯಾರಿಗೋ ಅಜೀರ್ಣ ಅಂದುಕೊಂಡು ಪಕ್ಕಕ್ಕೆ ಸರಿದರು. ನಿಜ ಹೇಳುತ್ತೇನೆ, ಆಗ ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಬಸ್ಸು ಹೊರಟಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಕೂಗಿದರು, "ಯಾರು ಜಾಸ್ತಿ ಕೊಡ್ತಾರೋ ಅವರಿಗೆ ಕೊಡಿ, ಮುಗೀತು!" ಒಡತಿ ಸೆಟೆದು ನಿಂತು, "ಇಲ್ಲಿ ಎಲ್ರಿಗೂ ಒಂದೇ ರೇಟು ಸ್ವಾಮಿ, ಇದೇನು ಹರಾಜು ಕಟ್ಟೆಯಾ?" ಎಂದರು.

ಹರಾಜು ಅಂದದ್ದೇ ತಡ, ನನ್ನ ಕೈ ತಾನಾಗಿ ಹೋಗಿ ಕೌಂಟರಿನ ಮೇಲಿದ್ದ ಆ ರೂಮಿನ ಬೀಗದ ಕೈ ಎತ್ತಿಕೊಂಡಿತು. ಅದಕ್ಕೆ ಅಂಗೈಯಗಲದ ಮರದ ತುಂಡು ಕಟ್ಟಿದೆ, ಯಾರೂ ಜೇಬಿಗೆ ಹಾಕಿಕೊಂಡು ಹೋಗದ ಹಾಗೆ. ಅದನ್ನು ಟಕ್ ಎಂದು ಮೇಜಿಗೆ ಕುಟ್ಟಿದೆ. ಎಲ್ಲ ಸುಮ್ಮನಾದರು. ಚೂಟಿ, ಆ ಮೌನ ನನಗೆ ಗೊತ್ತು! ಹರಾಜಿನ ಮೊದಲ ಪೆಟ್ಟಿಗೆ ಮಂಡಿಯಲ್ಲಿ ಹಬ್ಬುವ ಮೌನ ಅದು. ಅದರೊಳಗೆ ನನ್ನ ದನಿ ಬಂತು.

"ಕೇಳಿ!" ಎಂದೆ. "ದುಡ್ಡು ಬೇಡ. ಏನು ಬಿಟ್ಟುಕೊಡ್ತೀರಿ? ಏನು ಮಾಡ್ಕೊಡ್ತೀರಿ? ಕೂಗಿ!"

ಒಂದೊಂದು ಮಾತಿಗೂ ಗಾಳಿ ನುಂಗಬೇಕು. ಅದರಿಂದ ನಡುನಡುವೆ ತಡವಾಗುತ್ತಿತ್ತು. ಅವರು ಅದನ್ನು ಗತ್ತು ಅಂದುಕೊಂಡರು. ಡಾಕ್ಟರು ಒಂದು ಗಳಿಗೆ ನನ್ನನ್ನು ಮೇಲೆ ಕೆಳಗೆ ನೋಡಿ, ಹುರುಪಿಗೆ ಬಿದ್ದು, "ಬಿಸಿನೀರು ಬಿಟ್ಟುಕೊಡ್ತೀವಿ, ವಾರಪೂರ್ತಿ" ಎಂದರು. ಅವರ ಹೆಂಡತಿಯ ಮುಖ ನೋಡಬೇಕಿತ್ತು. ಅಕ್ಕತಂಗಿಯರಲ್ಲಿ ತಂಗಿ, "ಹರಿದ ಪರದೆಯೆಲ್ಲಾ ಹೊಲಿದುಕೊಡ್ತೀವಿ" ಎಂದಳು. ಡಾಕ್ಟರು, "ಇವರ ಹಲ್ಲು ಈಗಲೇ ನೋಡ್ತೀನಿ, ಬಿಟ್ಟಿಯಾಗಿ!" ಎಂದರು. ಒಡತಿಯ ಕಣ್ಣು ಅರಳಿತು. ನಾನು ಬೀಗದ ಕೈ ಎತ್ತಿ, "ಹಲ್ಲು... ಒಂದು ಸಲ" ಎಂದೆ.

ಆಗ ಅಕ್ಕ ಬಾಯಿ ತೆರೆದಳು. "ಆ ರೂಮು ನಮಗೆ ಕೊಟ್ರೆ ಸಂಜೆ ಹೊತ್ತು ಬಾಗಿಲು ಹಾಕಲ್ಲ. ಈ ಹೋಟೆಲಲ್ಲಿ ಇರೋರೆಲ್ಲಾ ಬಂದು ಕಿಟಕಿ ಹತ್ರ ಕೂತ್ಕೊಳ್ಳಿ. ಒಂದು ವಾರ ಒಬ್ಬರೇ ನೋಡಿ ಮುಗಿಸೋಕೆ ಅದೇನು ಬಟ್ಟಲಲ್ಲಿರೋ ನೀರಾ?"

ಡಾಕ್ಟರು ಬಾಯಿ ತೆರೆದರು, ಹೆಂಡತಿ ಅವರ ತೋಳು ಹಿಡಿದರು. ನಾನು ಎಲ್ಲರ ಮುಖ ನೋಡಿದೆ. ಹೊಟ್ಟೆಯ ಆಳಕ್ಕೆ ಗಾಳಿ ಇಳಿಸಿಕೊಂಡೆ. "ಬಾಗಿಲು... ಒಂದು ಸಲ. ಬಾಗಿಲು... ಎರಡು ಸಲ." ಯಾರೂ ಏರಿಸಲಿಲ್ಲ. "ಮೂರು ಸಲ!" ಟಕ್!

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟೆ. ಕೊಟ್ಟ ಮೇಲೆ, ಒಡತಿ "ಅಂದಹಾಗೆ ತಾವು ಯಾರು?" ಎಂದು ಕೇಳಿದಾಗ ನನಗೆ ಎಚ್ಚರವಾಯಿತು. "ಆ ರೂಮು... ನಂದಾಗಿತ್ತು" ಎಂದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕೂಗಿದವನಿಗೆ ಕಿಟಕಿಯಿಲ್ಲ. ಅಕ್ಕತಂಗಿಯರು ಗಾಬರಿಯಾಗಿ ಬೀಗದ ಕೈ ವಾಪಸು ಚಾಚಿದರು. ನಾನು ಮುಟ್ಟಲಿಲ್ಲ. ಹರಾಜು ಕೂಗುವವನು ಆ ಹರಾಜಿನಲ್ಲಿ ಕೊಳ್ಳುವ ಹಾಗಿಲ್ಲ. ಮಂಡಿಯಲ್ಲಿ ಈ ಕಟ್ಟಳೆಯನ್ನು ನಾನು ಒಂದು ದಿನವೂ ಮುರಿದವನಲ್ಲ, ಇಲ್ಲಿ ಮುರಿಯುತ್ತೇನೆಯೇ? ಅದನ್ನೇ ಅವರಿಗೆ ಹೇಳಿದೆ. ಹೇಳಿದೆ, ಬರೆದು ತೋರಿಸಲಿಲ್ಲ! ತಂಗಿ ಅಕ್ಕನ ಕಿವಿಯಲ್ಲಿ, "ದನಿ ಒರಟು, ಆದ್ರೆ ಒಂದಕ್ಷರ ಅತ್ತಿತ್ತ ಇಲ್ಲ ನೋಡು" ಎಂದದ್ದು ನನಗೆ ಕೇಳಿಸಿತು. ಡಾಕ್ಟರು ಮೆಟ್ಟಿಲ ಮೇಲೆ ನನ್ನ ಚೀಲ ಹಿಡಿದುಕೊಂಡು, "ಯಾವ ಮಾರ್ಕೆಟ್ಟು ತಮ್ಮದು?" ಎಂದು ಕೇಳಿದರು. ಗಂಟಲಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ.

ಸಂಜೆ ಎಲ್ಲರೂ ಮೂಲೆ ರೂಮಿನಲ್ಲಿ ಕೂತು ಸಮುದ್ರ ನೋಡಿದೆವು. ಕುರ್ಚಿ ಸಾಲದೆ ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ. ಒಡತಿ ಟೀ ತಂದರು. ಡಾಕ್ಟರು ಹರಾಜು ಸೋತ ಮೇಲೂ ಅವರ ಹಲ್ಲು ನೋಡಿದ್ದರು, ದೊಡ್ಡ ಮನುಷ್ಯ. "ನಿಮಗೆ ಸಕ್ಕರೆ?" ಎಂದು ಒಡತಿ ನನ್ನನ್ನು ಕೇಳಿದರು, ನನ್ನನ್ನೇ. ಒಂದು ಕ್ಷಣ ನಿನ್ನ ಅತ್ತೆಗಾಗಿ ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. "ಎರಡು ಚಮಚ" ಎಂದೆ. ಅಂಥ ಟೀ ನಾನು ಕುಡಿದೇ ಇಲ್ಲ.

ನಾನು ಗೆದ್ದೆ, ಚೂಟಿ. ರೂಮು ಹೋಗಲಿ ಬಿಡು.

ಈ ಕಾಗದ ನಿನಗೆ ಶನಿವಾರ ಮುಟ್ಟಬೇಕು. ಭಾನುವಾರ ಬೆಳಿಗ್ಗೆ ಕೌಂಟರಿನಿಂದ ನಿನ್ನ ಸ್ಕೂಲಿಗೆ ಫೋನು ಮಾಡುತ್ತೇನೆ. ನೀನೇ ಎತ್ತು.

ಇಲ್ಲಿ ಗಂಟಲೂ ಸೇರಿ ಎಲ್ಲ ಕ್ಷೇಮ.

ಇಂತಿ,
ಗುಡುಗು


ಏಪ್ರಿಲ್ ೬, ಭಾನುವಾರ

ಅಪ್ಪ,

ನೀನು ಫೋನು ಇಟ್ಟು ಇನ್ನೂ ಟೀ ಆರಿಲ್ಲ, ಬರೆಯಲು ಕೂತಿದ್ದೇನೆ. ಎಂಥ ಕೇಡಿಗನಯ್ಯಾ ನೀನು!

ಬೆಳಿಗ್ಗೆಯಿಂದ ಫೋನಿನ ಪಕ್ಕದಿಂದ ನಾನು ಅಲ್ಲಾಡಿಲ್ಲ. ಕಲಿಯುವವರೆಲ್ಲ ಹೊರಗೆ ಕಾರಿನಲ್ಲಿ ಹಾರ್ನ್ ಒತ್ತುತ್ತಿದ್ದರು, ಒತ್ತಿಕೊಳ್ಳಲಿ ಅಂತ ಬಿಟ್ಟೆ. ಆಮೇಲೆ ಬೇಸತ್ತು ಒಳಗೇ ಬಂದು ನಿಂತರು. ಫೋನು ಒಂದು ಸಲ ಬಡಿಯಿತು, ಎರಡು ಸಲ ಬಡಿಯಿತು. ಮೂರನೆಯದಕ್ಕೆ ಬಿಡಲಿಲ್ಲ.

"ಚೂಟಿ" ಅಂದೆ ನೀನು.

ಅದು ಬೇರೆ ಯಾರ ದನಿಯೂ ಅಲ್ಲ ಅಪ್ಪ. ಒರಟಾಗಿದೆ, ಜಲ್ಲಿಯ ಮೇಲೆ ಚಕ್ರ ಉರುಳಿದ ಹಾಗಿದೆ, ಆದರೆ 'ಚೂ' ಅನ್ನುವುದನ್ನು ಎಳೆದು 'ಟಿ' ಅನ್ನುವುದನ್ನು ಕುಟ್ಟುವುದು ನೀನೊಬ್ಬನೇ. ಆ ಜನವರಿಯ ಬೆಳಿಗ್ಗೆಯೂ ನೀನು ಹಾಗೇ ಅಂದಿದ್ದಿರಬೇಕು. ಇವತ್ತು ಈ ದನಿಯನ್ನೇ ಹಿಡಿದುಕೊಂಡು ಯಾವ ಮಂಡಿಯಲ್ಲಾದರೂ ನಿನ್ನ ಪೆಟ್ಟಿಗೆಯ ಹತ್ತಿರ ಬಂದುಬಿಡುತ್ತೇನೆ.

ನಾನು ಏನೇನೋ ಹೇಳಬೇಕು ಅಂತ ಇಟ್ಟುಕೊಂಡಿದ್ದೆ. ಒಂದೂ ಹೊರಗೆ ಬರಲಿಲ್ಲ. ಬಾಯಿ ತೆರೆದರೆ ಬರೀ ಬಿಕ್ಕಳಿಕೆ. ನೀನು "ಹಲೋ" ಅಂದೆ, ನಾನು ಬಿಕ್ಕಿದೆ. "ಯಾರ್ರೀ" ಅಂದೆ, ಇನ್ನೊಮ್ಮೆ ಬಿಕ್ಕಿದೆ. ಆಗ ನೀನು, ನಡುನಡುವೆ ನಿಧಾನವಾಗಿ ಗಾಳಿ ನುಂಗಿಕೊಳ್ಳುತ್ತ, ಒಂದಕ್ಷರವೂ ಬಿಡದೆ ಅಂದೆಯಲ್ಲ, "ಏನ್ರೀ... ಬೆಳಬೆಳಿಗ್ಗೇನೇ... ಏರಿಸ್ಕೊಂಡಿದೀರಾ? ಇಳಿದ ಮೇಲೆ... ಫೋನ್ ಮಾಡಿ!"

ಅಂತ ಫೋನು ಕುಕ್ಕಿಯೇಬಿಟ್ಟೆ ನೀನು.

ನಾನು ಅಳುತ್ತ ನಗುತ್ತ ರಿಸೀವರು ಹಿಡಿದುಕೊಂಡು ನಿಂತಿದ್ದೆ. ಎದುರಿಗೆ ನಿಂತ ಆ ನರ್ಸು ಕೇಳಿದಳು, "ಯಾರ್ರೀ ಅದು, ನಿಮಗೇ ಬೈದು ಇಟ್ಟೋರು?"

"ನಮ್ಮಪ್ಪ" ಅಂದೆ. "ಗುಡುಗು ಅಂತ."

ಇಂತಿ ನಿನ್ನ,
ಚೂಟಿ